ಮರಿ ಗೂಡಿನಲ್ಲೋ, ಹಿತ್ತಲಲ್ಲೋ?

ಪ್ರಶ್ನೆ: ಹ್ಯಾಚರಿಯಿಂದ 50 ಗಿರಿರಾಜ ತಳಿಯ ಕೋಳಿಮರಿ ತಂದಿದ್ದೇವೆ. ಕೂಡಿಹಾಕಲು ಮನಸ್ಸಿಲ್ಲ. ಈಗಲೇ ಹಿತ್ತಲಿಗೆ ಬಿಡಬಹುದೇ?

ಉತ್ತರ: ಬೇಡ. ಹೇಂಟೆ ಜೊತೆಗಿದ್ದರೆ ಮಾತು ಬೇರೆ, ಚಳಿಯಾದಾಗ ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ. ಇಲ್ಲಿ ಆ ಕಾವು ನೀವೇ ಕೊಡಬೇಕು: ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸಿ. ಒಂದೂವರೆ ಅಡಿ ಎತ್ತರದ ತಗಡನ್ನು ದುಂಡಗೆ ನಿಲ್ಲಿಸಿ; ಮೂಲೆಯಿದ್ದರೆ ಮರಿಗಳು ಅಲ್ಲೇ ಒತ್ತೊತ್ತಾಗಿ ಸೇರಿ ಉಸಿರುಗಟ್ಟಿ ಸಾಯುತ್ತವೆ. ಕೆಳಗೆ ಎರಡು ಇಂಚು ಭತ್ತದ ಹೊಟ್ಟು, ಮೇಲೆ 60 ವ್ಯಾಟಿನ ಎರಡು ಹಳೇ ಬಲ್ಬು (ಎಲ್‌ಇಡಿ ಬೆಳಗುತ್ತದಷ್ಟೇ). ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡಿ. ಬಲ್ಬಿನಡಿ ಗುಂಪುಗೂಡಿದರೆ ಚಳಿ; ತಗಡಿನಂಚಿಗೆ ಸರಿದು ಬಾಯಿ ತೆರೆದರೆ ಸೆಕೆ. 5–7ನೇ ದಿನ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ, ಕಣ್ಣಿಗೊಂದು ಹನಿ. ಆರನೇ ವಾರ ಪುಕ್ಕ ಬಲಿತ ಮೇಲೆ, ಇಬ್ಬನಿ ಆರಿದಾಗ ಹೊರಗೆ ಬಿಡಿ. ಆಮೇಲೂ ಇಕ್ಕಟ್ಟಿನಲ್ಲಿಟ್ಟರೆ ಒಂದನ್ನೊಂದು ಕುಕ್ಕತೊಡಗುತ್ತವೆ.