ಹೋಟೆಲ್ ಬಯೋಗ್ಯಾಸ್ ಹುಳಿ ಹಿಡಿದಿದೆ, ಇನ್ನು ಒಂದು ಸೌಟು ಅನ್ನವೂ ಹಾಕಬೇಡಿ

ಅರಸೀಕೆರೆ ಹೋಟೆಲ್‌ನವರಿಗೆ. ನೀವು ಬರೆದಿದ್ದನ್ನ ಎರಡು ಸಲ ಓದಿದೆ. 6 ಘನ ಮೀಟರಿನ ಫ್ಲೋಟಿಂಗ್ ಡ್ರಮ್ (ಗ್ಯಾಸ್ ತುಂಬಿದ ಹಾಗೆ ಮೇಲೇರೋ ಡ್ರಮ್ಮಿನ ಪ್ಲಾಂಟ್), ದಿನಾ 60 ಕೆಜಿ ಉಳಿದ ಅನ್ನ-ಸಾಂಬಾರು, ಮೊದಲ ಹನ್ನೆರಡು ದಿನ ಚೆಂದದ ನೀಲಿ ಜ್ವಾಲೆ. ಈಗ ಡ್ರಮ್ ಮೇಲೇರಿದ್ರೂ ಒಲೆ ಹೊತ್ತಲ್ಲ, ಕಸ ಹಾಕೋ ಇನ್‌ಲೆಟ್‌ನಲ್ಲಿ ನೊರೆ, ಹಳಸಿದ ಮಜ್ಜಿಗೆ ವಾಸನೆ. ಪ್ಲಾಂಟ್ ಹಾಕಿಕೊಟ್ಟವರು ‘ಫೀಡ್ (ಒಳಗೆ ಹಾಕೋ ಕಸ) ಸಾಲ್ತಿಲ್ಲ, ಜಾಸ್ತಿ ಮಾಡಿ’ ಅಂದ್ರಂತೆ. ನಿಮ್ಮ ಪೋಸ್ಟಿನ ಕೆಳಗೆ ಇನ್ನೊಬ್ಬರು ಬೆಲ್ಲದ ನೀರು ಹಾಕಿ ಅಂದಿದ್ದಾರೆ. ಎರಡೂ ಬೇಡ. ಇವತ್ತು ಸಂಜೆಯಿಂದಲೇ ಫೀಡ್ ನಿಲ್ಲಿಸಿ. ಇದೇ ತಪ್ಪು ನಾನೂ ಮಾಡಿದವನು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಆ ಹನ್ನೆರಡು ದಿನದ ಜ್ವಾಲೆ ಶುರುವಿಗೆ ಹಾಕಿದ್ದ ಸಗಣಿಯದ್ದು, ಅನ್ನದ್ದಲ್ಲ. ಅನ್ನ, ಬೆಲ್ಲ, ಹಿಟ್ಟು ಇವೆಲ್ಲ ಒಳಗೆ ಹೋದ ಒಂದೇ ದಿನಕ್ಕೆ ಹುಳಿಯಾಗುತ್ತೆ, ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆಗೆ ಉಬ್ಬೋ ಹಾಗೆ. ಆ ಹುಳಿಯನ್ನ ತಿಂದು ಮೀಥೇನ್ (ಉರಿಯೋ ಗ್ಯಾಸ್) ಮಾಡೋ ಜೀವಾಣುಗಳು ಬಲು ನಿಧಾನ, ಅವು ಎರಡರಷ್ಟಾಗೋಕೆ ದಿನಗಟ್ಟಲೆ ಬೇಕು. ತಿನ್ನೋರಿಗಿಂತ ಬಡಿಸೋರು ಜೋರಾದ್ರೆ ಹುಳಿ ಉಳಿಯುತ್ತೆ, ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಾದಷ್ಟೂ ಅಂಕಿ ಕಡಿಮೆ) ಇಳಿಯುತ್ತೆ. 6.5ಕ್ಕಿಂತ ಕೆಳಗೆ ಹೋದ ಮೇಲೆ ಮೀಥೇನ್ ಜೀವಾಣು ಮಂಕಾಗುತ್ತೆ, ಆಗ ಹುಳಿ ಇನ್ನೂ ಬೇಗ ಏರುತ್ತೆ. ಡ್ರಮ್ ಮೇಲೇರಿದೆ ಅಂದ ಮಾತ್ರಕ್ಕೆ ಗ್ಯಾಸ್ ಸರಿಯಿದೆ ಅಂತಲ್ಲ. ಈಗ ನಿಮ್ಮ ಡ್ರಮ್ ಎತ್ತಿರೋದು ಬಹುಪಾಲು ಇಂಗಾಲದ ಡೈಆಕ್ಸೈಡ್, ಅದು ಉರಿಯಲ್ಲ. ಬೆಲ್ಲದ ನೀರು ಹಾಕಿದ್ರೆ ನಾಳೆಗೆ ಇನ್ನಷ್ಟು ಹುಳಿ, ಅಷ್ಟೇ.

ಮೊದಲು ಅಳೆಯಿರಿ. ಪಿಎಚ್ ಕಾಗದ ಸಾಕು, ಆದರೆ 1ರಿಂದ 14ರ ತನಕ ತೋರಿಸೋ ಕಾಗದ ಬೇಡ, ಅದರಲ್ಲಿ 6ಕ್ಕೂ 6.5ಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣಲ್ಲ. 5.5ರಿಂದ 8ರ ಆಸುಪಾಸಿನ ಕಿರು ಅಳತೆಯದ್ದು ಕೇಳಿ ತಗೊಳ್ಳಿ. ಅಗ್ಗದ ಪೆನ್ ಮೀಟರ್ ಬೇಡವೇ ಬೇಡ. ಹೋಟೆಲ್ ಸ್ಲರಿಯ, ಅಂದ್ರೆ ಟ್ಯಾಂಕಿನೊಳಗಿನ ಗಂಜಿಯಂಥ ದ್ರವದ, ಜಿಡ್ಡು ತುದಿಗೆ ಮೆತ್ತಿಕೊಂಡು ವಾರದಲ್ಲೇ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಸ್ಲರಿಯನ್ನ ಇನ್‌ಲೆಟ್‌ನಿಂದ ತೆಗೀಬೇಡಿ, ಅಲ್ಲಿ ಯಾವಾಗಲೂ ಹುಳಿಯೇ. ಔಟ್‌ಲೆಟ್‌ನಿಂದ ಒಂದು ಲೋಟ ತೆಗೆದು ಕಾಫಿ ಸೋಸೋ ಬಟ್ಟೆಯಲ್ಲಿ ಸೋಸಿ, ಕಾಗದ ಅದ್ದಿ, ಬಣ್ಣವನ್ನ ಹಿಂಬದಿಯಿಂದ ನೋಡಿ. ಮುಂಬದಿಗೆ ಸ್ಲರಿಯ ಕಂದು ಹತ್ತಿ ಮೋಸವಾಗುತ್ತೆ.

6.8ರಿಂದ 7.4 ಇದ್ರೆ ಆರೋಗ್ಯ. 6.5 ಬಂದ್ರೆ ಫೀಡ್ ಅರ್ಧ ಮಾಡಿ ಅಂತ ಪ್ಲಾಂಟ್ ಹೇಳ್ತಿದೆ ಅಂತ ತಿಳ್ಕೊಳ್ಳಿ. ನಿಮ್ಮ ಲಕ್ಷಣ ನೋಡಿದ್ರೆ 6ರ ಕೆಳಗೇ ಇರಬೇಕು. ಹಾಗಿದ್ರೆ ಅಡುಗೆ ಸೋಡಾ ತಗೊಳ್ಳಿ, ಚೀಲದಲ್ಲಿ ಸಗಟಾಗಿ. ಒಂದು ಘನ ಮೀಟರ್ ಸ್ಲರಿಗೆ ದಿನಕ್ಕೆ ಅರ್ಧ ಕೆಜಿ ಲೆಕ್ಕ, ಅಂದ್ರೆ ನಿಮಗೆ ದಿನಕ್ಕೆ 3 ಕೆಜಿ. ಎರಡು ಬಕೆಟ್ ಉಗುರು ಬೆಚ್ಚಗಿನ ನೀರಲ್ಲಿ ಕರಗಿಸಿ, ಇನ್‌ಲೆಟ್‌ಗೆ ನಿಧಾನ ಹುಯ್ದು, ಡ್ರಮ್ಮನ್ನ ಆಚೆಗೊಂದು ಈಚೆಗೊಂದು ಸುತ್ತು ತಿರುಗಿಸಿ. ಒಟ್ಟಿಗೆ ಸುರಿದ್ರೆ ನೊರೆ ಉಕ್ಕಿ ಹೊರಗೆ ಬರುತ್ತೆ. ಮೂರು ನಾಲ್ಕು ದಿನ ಹೀಗೆ ಮಾಡಿ, ದಿನಾ ಅಳೆದು, 6.7 ಮುಟ್ಟಿದ ದಿನ ನಿಲ್ಲಿಸಿ. ಒಟ್ಟು ಲೆಕ್ಕ ಘನ ಮೀಟರಿಗೆ 3 ಕೆಜಿ ದಾಟಬಾರದು. ಸೋಡಿಯಂ ಹೆಚ್ಚಾದ್ರೂ ಜೀವಾಣುಗಳಿಗೆ ಪೆಟ್ಟು, ಹೋಟೆಲ್ ಊಟದಲ್ಲಿ ಉಪ್ಪು ಮೊದಲೇ ಇದೆ.

ಸುಣ್ಣ ಅಗ್ಗ ಅಂತ ಎಲ್ಲರೂ ಹೇಳ್ತಾರೆ. ನಾನು ಹೇಳಲ್ಲ. ಸುಣ್ಣ ಬಿದ್ದ ಜಾಗದಲ್ಲಿ ಪಿಎಚ್ ಒಮ್ಮೆಲೇ ನೆಗೆಯುತ್ತೆ, ಗ್ಯಾಸಿನಲ್ಲಿರೋ ಇಂಗಾಲದ ಡೈಆಕ್ಸೈಡನ್ನೂ ಅದು ಹೀರಿಕೊಳ್ಳುತ್ತೆ. ಬಲೂನ್ ಮಾದರಿ (ಪ್ಲಾಸ್ಟಿಕ್ ಚೀಲದ ಪ್ಲಾಂಟ್) ಇದ್ದವರಿಗೆ ಬಲೂನ್ ಕುಸಿದು ಗಾಳಿ ಒಳಗೆ ಎಳೆದುಕೊಳ್ಳೋ ಅಪಾಯವಿದೆ. ಬೇರೆ ದಾರಿಯೇ ಇಲ್ಲ ಅಂದ್ರೆ ಘನ ಮೀಟರಿಗೆ 100 ಗ್ರಾಂ, ನೀರಲ್ಲಿ ಕದಡಿ ತೆಳ್ಳಗೆ ಮಾಡಿ, ಎರಡು ದಿನಕ್ಕೊಮ್ಮೆ. ಸೌದೆ ಒಲೆಯ ಬೂದಿಯೂ ಕೆಲಸ ಮಾಡುತ್ತೆ, ನಿಧಾನ, ತಳದಲ್ಲಿ ಹೂಳು ಕೂರುತ್ತೆ.

ಈ ಅವಧಿಯಲ್ಲಿ ಊಟದ ಕಸ ಪೂರ್ತಿ ಬಂದ್. ಬದಲಿಗೆ ದಿನಾ 40-50 ಕೆಜಿ ತಾಜಾ ಸಗಣಿ, ಅಷ್ಟೇ ನೀರು. ಹತ್ತಿರದಲ್ಲಿ ಚೆನ್ನಾಗಿ ಉರಿಯೋ ಗೋಬರ್ ಗ್ಯಾಸ್ ಇದ್ರೆ ಅದರ ಔಟ್‌ಲೆಟ್ ಸ್ಲರಿ ನಾಲ್ಕೈದು ಡ್ರಮ್ ತಂದು ಹಾಕಿ. ಅಂಗಡಿಯಲ್ಲಿ ಮಾರೋ ಯಾವ ಬ್ಯಾಕ್ಟೀರಿಯಾ ಪುಡಿಯೂ ಇದಕ್ಕೆ ಸಾಟಿಯಲ್ಲ, ದುಡ್ಡು ಹಾಳು ಮಾಡ್ಕೋಬೇಡಿ. ಪಿಎಚ್ 5.5ಕ್ಕಿಂತ ಕೆಳಗಿದ್ರೆ ಸೋಡಾ ಸುರಿಯೋದು ಬಿಟ್ಟು ಅರ್ಧ ಸ್ಲರಿ ಹೊರಗೆ ತೆಗೆದು ಸಗಣಿ ನೀರಿಂದ ತುಂಬಿಸಿ. ತೆಗೆದ ಹುಳಿ ಸ್ಲರಿಯನ್ನ ಚರಂಡಿಗೆ ಬಿಡಬೇಡಿ, ಗಿಡದ ಬುಡಕ್ಕೂ ಬೇಡ. ತರಗೆಲೆ ಇಲ್ಲವೇ ತೆಂಗಿನ ನಾರಿನ ಪುಡಿ ಜೊತೆ ಗುಂಡಿಗೆ ಹಾಕಿ.

ಡ್ರಮ್ಮಿನಲ್ಲಿ ಈಗಿರೋ ಗ್ಯಾಸ್ ಹೊರಗೆ ಬಿಟ್ಟುಬಿಡಿ, ಸುತ್ತ ಬೀಡಿ, ಬೆಂಕಿ, ಸ್ವಿಚ್ ಏನೂ ಇರಬಾರದು. ಉರಿಯುತ್ತಾ ಅಂತ ಡ್ರಮ್ ಹತ್ರ ಕಡ್ಡಿ ಗೀರೋರನ್ನ ಕಂಡ್ರೆ ಸಿಟ್ಟು ಬರುತ್ತೆ. ಗಾಳಿ ಬೆರೆತ ಮೀಥೇನ್ ಒಳಗಿದ್ರೆ ಸಿಡಿಯುತ್ತೆ. ಪರೀಕ್ಷೆ ಏನಿದ್ರೂ ಒಲೆ ಹತ್ರ ಮಾತ್ರ. ಜ್ವಾಲೆ ಐದು ನಿಮಿಷ ಆರದೆ ನಿಂತ್ರೆ, ಪಿಎಚ್ ಮೂರು ದಿನ 6.8ರ ಮೇಲೇ ಇದ್ರೆ, ಆಮೇಲೆ ದಿನಕ್ಕೆ 5 ಕೆಜಿ ಊಟದ ಕಸದಿಂದ ಶುರು. ಪ್ರತಿ ವಾರ 5 ಕೆಜಿ ಏರಿಸಿ. ಜ್ವಾಲೆ ಬರ್ನರಿನಿಂದ ಮೇಲೆದ್ದು ಆರಿಹೋದ್ರೆ, ಹಿಂದಿನ ವಾರದ ತೂಕಕ್ಕೆ ವಾಪಸ್ ಹೋಗಿ.

ಎಲ್ಲಿ ನಿಲ್ಲಿಸಬೇಕು? ನಿಜವಾದ ಎಡವಟ್ಟು ಇಲ್ಲೇ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಹಳೆ ಗೋಬರ್ ಗ್ಯಾಸ್ ಲೆಕ್ಕದಲ್ಲಿ ‘2 ಘನ ಮೀಟರ್ ಪ್ಲಾಂಟ್’ ಅಂದ್ರೆ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡೋದು, 50 ಕೆಜಿ ಸಗಣಿ ಬೇಡೋದು. ಈಗಿನ ಫೈಬರ್ ಟ್ಯಾಂಕ್ ಮಾರೋರು ಹೇಳೋ ಘನ ಮೀಟರ್ ಬಹಳ ಸಲ ಟ್ಯಾಂಕಿನ ಗಾತ್ರ. ಯಾವುದು ಅಂತ ಬರವಣಿಗೆಯಲ್ಲಿ ಕೇಳಿ. ಕಲಕುವ ಮೋಟಾರ್, ಬಿಸಿ ಮಾಡೋ ವ್ಯವಸ್ಥೆ ಇಲ್ಲದ ಪ್ಲಾಂಟಿಗೆ ಒಂದು ಘನ ಮೀಟರ್ ಸ್ಲರಿಗೆ ದಿನಕ್ಕೆ 5-6 ಕೆಜಿ ಮಿಶ್ರ ಕಸ, ಬರೀ ಅನ್ನವಾದ್ರೆ 4 ಕೆಜಿ. ನಿಮ್ಮದು 6 ಘನ ಮೀಟರ್ ಸ್ಲರಿಯೇ ಆಗಿದ್ರೆ 30 ಕೆಜಿ ಹತ್ರ ನಿಲ್ಲಬೇಕು. ನೀವು ಹಾಕ್ತಿದ್ದದ್ದು ಅದರ ಎರಡರಷ್ಟು, ಅದೂ ಎಳೆಗೂಸಿನಂಥ ಹೊಸ ಪ್ಲಾಂಟಿಗೆ. ಶುರುವಿನಲ್ಲೇ ಒಂದೂವರೆಯಿಂದ ಎರಡು ಟನ್ ಸಗಣಿ ಹಾಕಿ, ಜ್ವಾಲೆ ನಿಲ್ಲೋ ತನಕ ಎರಡು ಮೂರು ವಾರ ಕಾಯಬೇಕಿತ್ತು. ಡಿಸೆಂಬರ್, ಜನವರಿಯಲ್ಲಿ ನಿಮ್ಮ ಕಡೆ ರಾತ್ರಿ ಚಳಿ ಜಾಸ್ತಿ, ಆಗ ಇದರಲ್ಲೂ ಕಾಲು ಭಾಗ ಕಡಿಮೆ ಮಾಡಿ. ಫೀಡ್ ಕಲಸೋಕೆ ಉಗುರು ಬೆಚ್ಚಗಿನ ನೀರು ಬಳಸಿ. ಆದ್ರೆ ಕುದಿಯೋ ಸಾಂಬಾರು, ಗಂಜಿ ನೇರ ಸುರಿಯಬೇಡಿ.

ಒಂದು ಭಾಗ ಕಸಕ್ಕೆ ಒಂದು ಭಾಗ ನೀರು, ಹೆಚ್ಚು ಬೇಡ. ಪಾತ್ರೆ ತೊಳೆದ ನೀರನ್ನೆಲ್ಲ ಇದಕ್ಕೇ ತಿರುಗಿಸೋರಿದ್ದಾರೆ. ದಿನಕ್ಕೆ 300 ಲೀಟರ್ ಒಳಗೆ ಹೋದ್ರೆ 6,000 ಲೀಟರ್ ಟ್ಯಾಂಕಿನಲ್ಲಿ ಸ್ಲರಿ ನಿಲ್ಲೋದು 20 ದಿನ, ಬಿಸಿ ಮಾಡದ ಪ್ಲಾಂಟಿಗೆ ಅದು ಸಾಲಲ್ಲ, ಜೀವಾಣು ಕೊಚ್ಚಿ ಹೋಗಬಹುದು. ಜೊತೆಗೆ ಸೋಪು, ಬ್ಲೀಚಿಂಗ್, ಫಿನಾಯಿಲ್ ವಿಷ ಬೇರೆ. ನೀರಿನ ಬದಲು ಅರ್ಧದಷ್ಟು ಔಟ್‌ಲೆಟ್ ಸ್ಲರಿಯನ್ನೇ ವಾಪಸ್ ಬಳಸೋದು ಇನ್ನೂ ಒಳ್ಳೇದು, ಹುಳಿ ತಡೆಯೋ ಶಕ್ತಿ ಅದರಲ್ಲೇ ಇರುತ್ತೆ. ಮಧ್ಯಾಹ್ನ ಒಂದೇ ಸಲ ಹಾಕೋ ಬದಲು ಬೆಳಗ್ಗೆ ಅರ್ಧ, ಸಂಜೆ ಅರ್ಧ.

ಬೇರ್ಪಡಿಸೋ ಜಾಗದಲ್ಲಿ ಒಬ್ಬ ಹುಡುಗನನ್ನ ಕಾಯಂ ಇಡಿ. ನಿಂಬೆ, ಮೂಸಂಬಿ ಸಿಪ್ಪೆ ಬೇಡ, ಅದರ ಎಣ್ಣೆ ಮೀಥೇನ್ ಜೀವಾಣುಗಳಿಗೆ ಆಗಿಬರಲ್ಲ. ಬಾಳೆ ಎಲೆ, ಈರುಳ್ಳಿ ಸಿಪ್ಪೆ, ತೆಂಗಿನ ಕರಟ, ನಾರು ಬೇಡ, ಮೇಲೆ ಕೆನೆಗಟ್ಟುತ್ತೆ. ಮೊಟ್ಟೆ ಚಿಪ್ಪು ತಳದಲ್ಲಿ ಕೂರುತ್ತೆ. ಇವೆಲ್ಲ ಕಾಂಪೋಸ್ಟಿಗೆ. ಟೂತ್‌ಪಿಕ್, ರಬ್ಬರ್ ಬ್ಯಾಂಡ್, ಸಾಂಬಾರು ಪೊಟ್ಟಣದ ತುಂಡು ಇವು ಕಸ ರುಬ್ಬೋ ಗ್ರೈಂಡರ್ ಬ್ಲೇಡಿಗೆ ಸಿಕ್ಕಿಕೊಳ್ಳುತ್ತೆ. ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಕೋದನ್ನ 2025ರ ಫೆಬ್ರವರಿಯಲ್ಲೇ ರಾಜ್ಯದಲ್ಲಿ ನಿಷೇಧಿಸಿದ್ದಾರೆ. ಇನ್ನೂ ಯಾರಾದ್ರೂ ಹಾಕ್ತಿದ್ರೆ ತಿನ್ನೋರ ಆರೋಗ್ಯಕ್ಕಾಗಿಯಾದ್ರೂ ಇವತ್ತೇ ಬಿಟ್ಟು ಬಟ್ಟೆಗೆ ಬನ್ನಿ. ಆ ಹಾಳೆಯ ಚೂರು ಸ್ಲರಿಯಲ್ಲಿ ಸೇರಿದ್ರೆ ಗೊಬ್ಬರವೂ ಹಾಳು. ಹುಳಿ ಬಂದು ಉಳಿದ ದೋಸೆ ಹಿಟ್ಟು ಒಂದೇ ದಿನ ಬಕೆಟ್‌ಗಟ್ಟಲೆ ಹೋಗಬಾರದು, ಒಂದೆರಡು ಲೀಟರ್ ಮಾತ್ರ.

ಕರಿದ ಎಣ್ಣೆ ಅಂತೂ ಬೇಡ. ಅದನ್ನ ಆಹಾರ ಸುರಕ್ಷತಾ ಪ್ರಾಧಿಕಾರದ ರೂಕೋ (ಬಳಸಿದ ಎಣ್ಣೆ ಸಂಗ್ರಹ) ಯೋಜನೆಯಲ್ಲಿ ನೋಂದಾಯಿಸಿದ ಸಂಗ್ರಾಹಕರಿಗೆ ಕೊಡಿ, ಬಯೋಡೀಸೆಲ್‌ಗೆ ಹೋಗುತ್ತೆ, ಕೆಜಿ ಲೆಕ್ಕದಲ್ಲಿ ದುಡ್ಡೂ ಬರುತ್ತೆ. ಒಟ್ಟು ಪೋಲಾರ್ ಅಂಶ (ಎಣ್ಣೆ ಪದೇ ಪದೇ ಕಾಯ್ದು ಕೆಟ್ಟಾಗ ಹುಟ್ಟೋದು) ನೂರಕ್ಕೆ 25 ದಾಟಿದ ಎಣ್ಣೆಯಲ್ಲಿ ಕರಿಯೋ ಹಾಗಿಲ್ಲ ಅನ್ನೋ ನಿಯಮ 2018ರ ಜುಲೈನಿಂದಲೇ ಇದೆ. ರಾತ್ರಿ ಸೋಸಿ, ನಾಳೆಯ ಪೂರಿಗೆ ಅಂತ ಎತ್ತಿಡೋರು ಸ್ವಲ್ಪ ಯೋಚನೆ ಮಾಡಿ.

ಯಾವ ಮಾದರಿಯ ಪ್ಲಾಂಟ್ ಒಳ್ಳೇದು ಅಂತ ಕೇಳಿದ್ರಿ. ಪುಣೆಯ ಆರ್ಟಿ ಅನ್ನೋ ಗ್ರಾಮೀಣ ತಂತ್ರಜ್ಞಾನ ಸಂಸ್ಥೆಯವರ ಮಾದರಿ, ಅಂದ್ರೆ ಎರಡು ನೀರಿನ ಟ್ಯಾಂಕ್ ಕತ್ತರಿಸಿ ಒಂದರೊಳಗೊಂದು ಕವುಚೋದು, ಚಿಕ್ಕ ಕ್ಯಾಂಟೀನಿಗೆ ನನ್ನ ಮಟ್ಟಿಗೆ ಇವತ್ತಿಗೂ ಒಳ್ಳೇದು. ಕೆಟ್ಟರೆ ಊರಿನ ಪ್ಲಂಬರೇ ಸರಿ ಮಾಡ್ತಾನೆ. ಎರಡು ಟ್ಯಾಂಕಿನ ನಡುವಿನ ಸಂದು ಚಿಕ್ಕದಿರಬೇಕು, ಅಗಲವಾದ್ರೆ ಅಲ್ಲೇ ಗ್ಯಾಸ್ ಹೋಗುತ್ತೆ, ಸೊಳ್ಳೆ ಸಾಕಿದ ಹಾಗೂ ಆಗುತ್ತೆ. ದಿನಕ್ಕೆ ಕ್ವಿಂಟಲ್‌ಗಟ್ಟಲೆ ಕಸ ಇದ್ದವರು ಭಾಭಾ ಅಣು ಸಂಶೋಧನಾ ಕೇಂದ್ರದ ನಿಸರ್ಗಋಣ ಮಾದರಿ ನೋಡಿ. ಅದರಲ್ಲಿ ಮೊದಲ ಹಂತದ ಜೀರ್ಣಕ್ಕೇ ಬೇರೆ ತೊಟ್ಟಿ ಇದೆ, ಎಲ್ಲವೂ ಒಂದೇ ತೊಟ್ಟಿಯ ಮೇಲೆ ಬೀಳಲ್ಲ. ಎಲ್ಲಕ್ಕೂ ಬಲೂನ್ ಅನ್ನೋರ ಮಾತು ಕೇಳಬೇಡಿ, ಹೋಟೆಲ್ ಹಿತ್ತಲಲ್ಲಿ ಇಲಿ ಇರುತ್ತೆ.

ಪೈಪಿನ ವಿಷಯಕ್ಕೆ ಬಂದ್ರೆ, ಜ್ವಾಲೆ ಕುಣಿದು ಕುಣಿದು ಆರಿದ್ರೆ ಅದು ಹುಳಿಯಲ್ಲ, ಪೈಪಿನಲ್ಲಿ ನೀರು. ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟು, ತಗ್ಗಿನಲ್ಲಿ ವಾಟರ್ ಟ್ರ್ಯಾಪ್ (ಪೈಪಿನ ನೀರು ಇಳಿದು ಸೇರೋ ತುಂಡು) ಇಡಿ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಹೈಡ್ರೋಜನ್ ಸಲ್ಫೈಡ್, ಮೊಟ್ಟೆ, ಬೇಳೆ, ಎಲೆಕೋಸು ಹೆಚ್ಚಾದಾಗ ಬರುತ್ತೆ, ಬರ್ನರ್ ತಿಂದುಹಾಕುತ್ತೆ. ಅದನ್ನ ಹಿಡಿಯೋಕೆ ಗ್ಯಾಸ್ ಪೈಪಿನಲ್ಲಿ ಅಡುಗೆಮನೆಯ ಸ್ಟೀಲ್ ನಾರು ತುಂಬಿಸಿದ್ರೆ ಪ್ರಯೋಜನವಿಲ್ಲ, ಅದು ತುಕ್ಕು ಹಿಡಿಯಲ್ಲ. ಲೇತ್ ಅಂಗಡಿಯಿಂದ ಕಬ್ಬಿಣದ ಸುರುಳಿ ಚೂರು ತಂದು, ನೀರು ಚಿಮುಕಿಸಿ ಕೆಂಪಗೆ ತುಕ್ಕು ಹಿಡಿಸಿ, ಪಿವಿಸಿ ಪೈಪಿನ ತುಂಡಿನಲ್ಲಿ ಸಡಿಲವಾಗಿ ತುಂಬಿ. ಕಪ್ಪಾದ ಮೇಲೆ ತೆಗೆಯುವಾಗ ನೀರು ಹಾಕಿ ತೆಗೆದು ಬಯಲಲ್ಲಿ ಹರಡಿ. ಒಣ ಚೂರನ್ನ ಗುಡ್ಡೆ ಹಾಕಿದ್ರೆ ಗಾಳಿ ತಾಕಿ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಎಲ್‌ಪಿಜಿ ಬರ್ನರನ್ನೇ ಹಾಗೇ ಬಳಸೋಕಾಗಲ್ಲ, ಜೆಟ್ ತೂತು ಚಿಕ್ಕದು, ಬಯೋಗ್ಯಾಸ್ ಒತ್ತಡ ಕಡಿಮೆ. ಬಯೋಗ್ಯಾಸ್‌ಗೆ ಅಂತಲೇ ಮಾಡಿದ ಒಲೆ ತಗೊಳ್ಳಿ, ಹಾಲು, ಸಾಂಬಾರು ಬಿಸಿ, ಇಡ್ಲಿ ಹಬೆಗೆ ಇಡಿ. ದೋಸೆ ಕಾವಲಿಯ ಬಿರುಸಿಗೆ ಇದನ್ನ ನಂಬಬೇಡಿ.

ಲಾಭದ ಲೆಕ್ಕ ನೇರವಾಗಿ ಹೇಳ್ತೀನಿ. 30 ಕೆಜಿ ಕಸಕ್ಕೆ ಸುಮಾರು 3 ಘನ ಮೀಟರ್ ಗ್ಯಾಸ್. ಒಂದು ಘನ ಮೀಟರ್ ಸುಮಾರು 0.45 ಕೆಜಿ ಎಲ್‌ಪಿಜಿಗೆ ಸಮ. ಎರಡು ವಾರಕ್ಕೆ 19 ಕೆಜಿ ಸಿಲಿಂಡರ್ ಒಂದು ಉಳಿದೀತು. ವಾರಕ್ಕೊಂದು ಉಳಿಯುತ್ತೆ ಅಂತ ನಿಮಗೆ ಹೇಳಿದ್ದಾರಂತೆ, 30 ಕೆಜಿಯಲ್ಲಿ ಸಾಧ್ಯವೇ ಇಲ್ಲ. ಆದ್ರೆ 2016ರ ಘನತ್ಯಾಜ್ಯ ನಿಯಮದಲ್ಲೇ ಹೋಟೆಲ್‌ಗಳು ಹಸಿ ಕಸವನ್ನ ಆದಷ್ಟು ತಮ್ಮ ಜಾಗದಲ್ಲೇ ಕಾಂಪೋಸ್ಟ್ ಇಲ್ಲವೇ ಬಯೋಗ್ಯಾಸ್ ಮಾಡಬೇಕು ಅಂತಿತ್ತು. ಕಸ ಸಾಗಿಸೋ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ ನೋಡಿ.

ಉಳಿದ 30 ಕೆಜಿಗೆ ಇನ್ನೊಂದು ಟ್ಯಾಂಕ್ ತಗೊಳ್ಳೋ ಮುಂಚೆ ಒಂದು ವಾರ ಮೂರು ಬಕೆಟ್ ಇಟ್ಟು ತೂಗಿ. ತರಕಾರಿ ಹೆಚ್ಚಿದ್ದು ಒಂದು, ಪಾತ್ರೆಯಲ್ಲೇ ಉಳಿದಿದ್ದು ಒಂದು, ತಟ್ಟೆಯಲ್ಲಿ ಬಿಟ್ಟಿದ್ದು ಒಂದು. ಪಾತ್ರೆಯಲ್ಲೇ ಅನ್ನ ಉಳೀತಿದ್ರೆ ಮಧ್ಯಾಹ್ನ ಎರಡರ ನಂತರದ ಅನ್ನವನ್ನ ಚಿಕ್ಕ ಪಾತ್ರೆಯಲ್ಲಿ ಎರಡು ಸಲ ಮಾಡಿ. ತಟ್ಟೆಯಲ್ಲಿ ಬಿಡ್ತಿದ್ರೆ ಮೊದಲ ಸೌಟು ಚಿಕ್ಕದು ಮಾಡಿ, ಎರಡನೇದು ಕೇಳಿದಷ್ಟು ಹಾಕಿ. ಅಕ್ಕಿ, ಗ್ಯಾಸ್, ಕೂಲಿ ಮೂರೂ ಸೇರಿದ ಅನ್ನವನ್ನ ಪ್ಲಾಂಟಿಗೆ ಹಾಕಿ ಒಂದಿಷ್ಟು ಗ್ಯಾಸ್ ವಾಪಸ್ ಪಡೆಯೋದು ನಷ್ಟದ ವ್ಯಾಪಾರ.

ಸ್ಲರಿ ಕರಿಬೇವಿಗೆ ಹಾಕಿ ಎಲೆ ಸುಟ್ಟಿದೆ ಅಂದ್ರಲ್ಲ, ಅದು ಉಪ್ಪಿನ ಕೆಲಸ ಇರಬೇಕು. ಹುಳಿ ಇಳಿದ ಮೇಲಿನ ಸ್ಲರಿಗೆ ನಾಲ್ಕು ಪಾಲು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಮಾತ್ರ ಹಾಕಿ, ನಡುವೆ ಬರೀ ನೀರು ಬಿಡಿ.

ನಾಳೆ ಬೆಳಗ್ಗೆ ಸೋಡಾ ಹಾಕೋ ಮುಂಚೆ ಪಿಎಚ್ ಕಾಗದದ ಫೋಟೋ ಇಲ್ಲಿ ಹಾಕಿ, ಡಬ್ಬಿ ಮೇಲಿನ ಬಣ್ಣದ ಪಟ್ಟಿ ಪಕ್ಕದಲ್ಲೇ ಕಾಣೋ ಹಾಗೆ, ಬಿಸಿಲಲ್ಲಿ ತೆಗೆದದ್ದು. ಟ್ಯೂಬ್‌ಲೈಟಲ್ಲಿ ತೆಗೆದ್ರೆ ಹಸಿರು-ಹಳದಿ ಗೊತ್ತಾಗಲ್ಲ.