ಕೊಂಡ ವಾರವೇ ತೆವಳುವ ಲ್ಯಾಪ್‌ಟಾಪ್

ಪ್ರಶ್ನೆ: ಮಗಳು ಈ ವರ್ಷ ಬಿ.ಕಾಂ. ಸೇರಿದ್ದಾಳೆ. ಅವಳಿಗಾಗಿ ಹಬ್ಬದ ರಿಯಾಯಿತಿ ಮಾರಾಟದಲ್ಲಿ ಆನ್‌ಲೈನ್ ಮೂಲಕ ಕಡಿಮೆ ಬೆಲೆಯ ಹೊಸ ಲ್ಯಾಪ್‌ಟಾಪ್ ತರಿಸಿದೆವು. ಪೆಟ್ಟಿಗೆಯ ಮೇಲೆ ಸೆಲೆರಾನ್ ಎನ್4020, 4 ಜಿಬಿ ರ್ಯಾಮ್, 64 ಜಿಬಿ ಇಎಂಎಂಸಿ, ವಿಂಡೋಸ್ 11 ಎಂದು ಬರೆದಿದೆ. ಬಂದು ನಾಲ್ಕು ದಿನವೂ ಆಗಿಲ್ಲ, ಆಗಲೇ ಎಡ್ಜ್ ಬ್ರೌಸರ್ ಮತ್ತು ವರ್ಡ್ ಒಟ್ಟಿಗೆ ತೆರೆದರೆ ಹ್ಯಾಂಗ್ ಆಗುತ್ತಿದೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಹಾಕಲು ಹೋದರೆ ಅವಕಾಶವಿಲ್ಲವೆಂಬ ಸೂಚನೆ ಬರುತ್ತದೆ. ಊರಿನ ಅಂಗಡಿಯವರು ಫಾರ್ಮ್ಯಾಟ್ ಮಾಡಿ ಹಳೆಯ ವಿಂಡೋಸ್ ಹಾಕಿಕೊಡುತ್ತೇವೆ ಎನ್ನುತ್ತಿದ್ದಾರೆ. ಏನು ಮಾಡಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಬಿಲ್ ತೆಗೆದು, ಹಿಂದಿರುಗಿಸಲು ಇನ್ನು ಎಷ್ಟು ದಿನ ಉಳಿದಿದೆ ಎಂದು ನೋಡಿಕೊಳ್ಳಿ. ಆ ಗಡುವು ಮುಗಿಯುವವರೆಗೆ ಯಾರ ಕೈಯಲ್ಲೂ ಫಾರ್ಮ್ಯಾಟ್ ಮಾಡಿಸಬೇಡಿ. ಕಂಪನಿಯಿಂದ ಬಂದ ಸ್ಥಿತಿಯಲ್ಲಿ ಇಲ್ಲದ ಯಂತ್ರವನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರರು ತಕರಾರು ಮಾಡಬಹುದು. ಹಳೆಯ ವಿಂಡೋಸ್‌ನ ಮಾತನ್ನಂತೂ ಬಿಟ್ಟುಬಿಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಲ್ಲದೆ, ನಿಮ್ಮ ಯಂತ್ರದ ಜೊತೆ ಅಸಲಿ ವಿಂಡೋಸ್ 11 ಪರವಾನಗಿ ಬಂದಿರುವಾಗ, ಎಲ್ಲಿಂದಲೋ ತಂದ ಪ್ರತಿಯನ್ನು ಅದರ ಜಾಗದಲ್ಲಿ ಕೂರಿಸುವುದು ಇದ್ದುದನ್ನೂ ಕಳೆದುಕೊಂಡಂತೆ.

ಹೊಸ ವಿಂಡೋಸ್ ಲ್ಯಾಪ್‌ಟಾಪ್ ಮೊದಲ ಒಂದೆರಡು ದಿನ ನಿಧಾನವಾಗಿರುವುದು ಸಹಜ. ಕಾರ್ಖಾನೆ ಬಿಟ್ಟ ನಂತರ ಬಂದಿರುವ ಅಪ್‌ಡೇಟ್‌ಗಳನ್ನೆಲ್ಲ ಅದು ಇಳಿಸಿಕೊಳ್ಳಬೇಕು, ಕಡತಗಳ ಸೂಚಿ ತಯಾರಿಸಬೇಕು, ವೈರಸ್ ತಪಾಸಣೆ ನಡೆಸಬೇಕು, ಒನ್‌ಡ್ರೈವ್‌ನೊಂದಿಗೆ ಹೊಂದಿಸಿಕೊಳ್ಳಬೇಕು. ಈ ನಾಲ್ಕೂ ಒಂದೇ ಸಮಯಕ್ಕೆ ಶುರುವಾಗುತ್ತವೆ. ಆದ್ದರಿಂದ ಇವತ್ತು ರಾತ್ರಿ ಚಾರ್ಜರ್ ಸಿಕ್ಕಿಸಿ, ವೈಫೈ ಜೋಡಿಸಿ, ಪವರ್ ಸೆಟ್ಟಿಂಗ್‌ನಲ್ಲಿ ನಿದ್ರೆಗೆ ಜಾರದಂತೆ ಮಾಡಿ ಹಾಗೆಯೇ ಬಿಡಿ. ಬೆಳಿಗ್ಗೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಬಾಕಿ ಏನೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ‘ರೀಸ್ಟಾರ್ಟ್’ ಕೊಡಿ. ‘ಶಟ್‌ಡೌನ್’ ಸಾಲದು, ಏಕೆಂದರೆ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ವ್ಯವಸ್ಥೆ ಚಾಲ್ತಿಯಲ್ಲಿದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ತಿರುಳು ಹಿಂದಿನ ಸ್ಥಿತಿಯನ್ನೇ ಉಳಿಸಿಟ್ಟುಕೊಂಡು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ.

ಆಮೇಲೂ ನಿಧಾನವೇ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರ್ ಕಿಟಕಿಯಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಕಂಬಸಾಲುಗಳಿರುತ್ತವೆ. ಎಡ್ಜ್ ಮತ್ತು ವರ್ಡ್ ತೆರೆದಿಟ್ಟು ಅವುಗಳ ತಲೆಯ ಮೇಲಿನ ಶೇಕಡಾವಾರು ಸಂಖ್ಯೆಗಳನ್ನು ಗಮನಿಸಿ. ಮೆಮೊರಿ, ಎಂದರೆ ರ್ಯಾಮ್, ತೊಂಬತ್ತರ ಆಸುಪಾಸಿನಲ್ಲಿದ್ದು ಡಿಸ್ಕ್ ಆಗಾಗ ನೂರನ್ನು ಮುಟ್ಟುತ್ತಿದ್ದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ. 4 ಜಿಬಿ ರ್ಯಾಮ್‌ನ ಒಂದು ಭಾಗವನ್ನು ಒಳಗಿನ ಗ್ರಾಫಿಕ್ಸ್ ಹಂಚಿಕೊಳ್ಳುತ್ತದೆ. ಉಳಿದುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀವು ಏನೂ ತೆರೆಯುವ ಮುನ್ನವೇ ವಿಂಡೋಸ್ ಹಿಡಿದಿರುತ್ತದೆ. ಬ್ರೌಸರ್‌ನ ಐದಾರು ಟ್ಯಾಬ್ ಸೇರಿದೊಡನೆ ಜಾಗ ಸಾಲದೆ ವಿಂಡೋಸ್ ರ್ಯಾಮ್‌ನಲ್ಲಿದ್ದುದನ್ನು ಡಿಸ್ಕ್‌ಗೆ ಸಾಗಿಸುವುದು, ಬೇಕಾದಾಗ ಮರಳಿ ತರುವುದು, ಹೀಗೆ ಓಡಾಡತೊಡಗುತ್ತದೆ. ನಿಮ್ಮಲ್ಲಿರುವ ಇಎಂಎಂಸಿ ಎಂಬುದು ಮೊಬೈಲ್ ಫೋನ್‌ಗಳಲ್ಲಿ ಬಳಸುವ ಬಗೆಯ, ಬೋರ್ಡಿಗೆ ಬೆಸೆದ ಅಗ್ಗದ ಸಂಗ್ರಹ. ಈ ಓಡಾಟದ ವೇಗವನ್ನು ಅದು ತಾಳುವುದಿಲ್ಲ. ನೀವು ಹ್ಯಾಂಗ್ ಎನ್ನುವುದು ಈ ಕಾಯುವಿಕೆಯನ್ನೇ.

ಇದನ್ನು ಯಂತ್ರದ ದೋಷವೆಂದು ಸಾಧಿಸುವುದು ಕಷ್ಟ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅಗತ್ಯವೇ 4 ಜಿಬಿ ರ್ಯಾಮ್ ಮತ್ತು 64 ಜಿಬಿ ಸಂಗ್ರಹ. ನಿಮ್ಮ ಲ್ಯಾಪ್‌ಟಾಪ್ ಸರಿಯಾಗಿ ಆ ಗೆರೆಯ ಮೇಲೆ ನಿಂತಿದೆ. ಆದರೆ ಆ ಗೆರೆ ವಿಂಡೋಸ್ ಕೂರಲು ಸಾಕಾಗುವಷ್ಟನ್ನು ಮಾತ್ರ ಹೇಳುತ್ತದೆ, ಅದರ ಮೇಲೆ ನೆಮ್ಮದಿಯಿಂದ ಕೆಲಸ ಮಾಡಲು ಬೇಕಾದಷ್ಟನ್ನಲ್ಲ. ಸೆಲೆರಾನ್ ಎನ್4020 ಕೂಡ 2019ರ ಕೊನೆಯಲ್ಲಿ ಬಂದ, ಎರಡೇ ಕೋರ್‌ಗಳ, 6 ವ್ಯಾಟ್‌ನ, ಕಡಿಮೆ ಸಾಮರ್ಥ್ಯದ ಪ್ರೊಸೆಸರ್ ಚಿಪ್. ಹೀಗಿರುವಾಗ ಮೂರು ವರ್ಷ ಬಿ.ಕಾಂ. ಓದುವ ಹುಡುಗಿಗೆ ಈ ಯಂತ್ರವನ್ನು ನಾನು ಸೂಚಿಸುತ್ತಿರಲಿಲ್ಲ. ಹಿಂದಿರುಗಿಸಲು ಅವಕಾಶವಿದ್ದರೆ ಹಿಂದಿರುಗಿಸಿ, ಇನ್ನಷ್ಟು ಹಣ ಸೇರಿಸಿಯಾದರೂ 8 ಜಿಬಿ ರ್ಯಾಮ್ ಮತ್ತು ಎಸ್‌ಎಸ್‌ಡಿ (ಇಎಂಎಂಸಿಗಿಂತ ವೇಗದ ಸಂಗ್ರಹ) ಇರುವುದನ್ನು ಕೊಳ್ಳಿ. ಪೆಟ್ಟಿಗೆಯ ಮೇಲೆ ಇರುವುದಕ್ಕೂ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ಕಾಣುವುದಕ್ಕೂ ವ್ಯತ್ಯಾಸವಿದ್ದರೆ ಮಾತ್ರ ವಿಷಯ ಬೇರೆ. ಆಗ ಮಾರಾಟಗಾರರಿಗೆ ಬರಹದಲ್ಲಿ ದೂರು ಕೊಡಿ. ಅವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ 64 ಜಿಬಿ ಇರಬೇಕಾದಲ್ಲಿ ಸುಮಾರು 59 ಎಂದು ತೋರಿಸಿದರೆ ಗಾಬರಿಯಾಗಬೇಡಿ. ಅದು ಕಂಪನಿಯವರು ಎಣಿಸುವ ಕ್ರಮಕ್ಕೂ ವಿಂಡೋಸ್ ಎಣಿಸುವ ಕ್ರಮಕ್ಕೂ ಇರುವ ವ್ಯತ್ಯಾಸ.

ಟ್ಯಾಲಿ ಹಾಕಲು ಬಿಡದಿರುವುದಕ್ಕೆ ವೇಗದ ಜೊತೆ ಸಂಬಂಧವಿಲ್ಲ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೆಲವೊಮ್ಮೆ ‘ಎಸ್ ಮೋಡ್’ನಲ್ಲಿ ಬರುತ್ತದೆ, ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ತಂತ್ರಾಂಶಗಳಿಗೆ ಮಾತ್ರ ಪ್ರವೇಶ. ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಿಂದ ಸ್ಟೋರ್‌ಗೆ ಹೋಗಿ ಉಚಿತವಾಗಿ ಅದರಿಂದ ಹೊರಬರಬಹುದು. ಒಮ್ಮೆ ಹೊರಬಂದ ಮೇಲೆ ಮರಳಿ ಹೋಗಲು ಆಗದು ಎಂಬುದು ನೆನಪಿರಲಿ. ಯಂತ್ರವನ್ನು ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ ಬಳಿಕವೇ ಇದನ್ನು ಮಾಡಿ.

ಗಡುವು ಮುಗಿದಿದ್ದು ಇಟ್ಟುಕೊಳ್ಳಲೇಬೇಕಾದರೆ ಹೊರೆ ಇಳಿಸುವುದೊಂದೇ ದಾರಿ. ಜೊತೆಗೆ ಬಂದ, ಕೆಲ ದಿನಗಳ ನಂತರ ಹಣ ಕೇಳುವ ಆಂಟಿವೈರಸ್ ಇದ್ದರೆ ತೆಗೆದುಹಾಕಿ. ಅದು ಹೋದೊಡನೆ ವಿಂಡೋಸ್‌ನದೇ ಆದ ಡಿಫೆಂಡರ್ ತಾನಾಗಿ ಕಾವಲಿಗೆ ಬರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಆ್ಯಪ್ಸ್ ಪುಟದಲ್ಲಿ, ಯಂತ್ರ ಏಳುವಾಗ ತಾನಾಗಿ ಶುರುವಾಗುವ ಪ್ರತಿ ತಂತ್ರಾಂಶದ ಎದುರು ಅದರ ಪ್ರಭಾವ ‘ಹೈ’, ‘ಲೋ’ ಮುಂತಾಗಿ ಬರೆದಿರುತ್ತದೆ. ಟೀಮ್ಸ್, ಬಗೆಬಗೆಯ ಅಪ್‌ಡೇಟರ್‌ಗಳು, ಆಟದ ಆ್ಯಪ್‌ಗಳು ಇವನ್ನೆಲ್ಲ ‘ಡಿಸೇಬಲ್’ ಮಾಡಿ. ಎಡ್ಜ್ ಮತ್ತು ಕ್ರೋಮ್ ಎರಡನ್ನೂ ಬಳಸದೆ ಒಂದಕ್ಕೇ ಅಂಟಿಕೊಂಡು, ಬಳಸದ ಟ್ಯಾಬ್‌ಗಳನ್ನು ಮಲಗಿಸುವ ಸೌಲಭ್ಯವನ್ನು ಅದರ ಸೆಟ್ಟಿಂಗ್ಸ್‌ನಲ್ಲಿ ಚಾಲೂ ಮಾಡಿ. ಪಾಠದ ವಿಡಿಯೋಗಳನ್ನು ಪೆನ್‌ಡ್ರೈವ್‌ನಲ್ಲೋ ಮೆಮೊರಿ ಕಾರ್ಡ್‌ನಲ್ಲೋ ಇಡಿ, ಏಕೆಂದರೆ ಸಂಗ್ರಹ ತುಂಬಿಕೊಂಡರೆ ಮುಂದಿನ ದೊಡ್ಡ ಅಪ್‌ಡೇಟ್‌ಗೇ ಜಾಗ ಸಿಗುವುದಿಲ್ಲ. ‘ರ್ಯಾಮ್ ಬೂಸ್ಟರ್’, ‘ಪಿಸಿ ಕ್ಲೀನರ್’ ಎಂಬ ಹೆಸರಿನ ಯಾವುದನ್ನೂ ಒಳಗೆ ಬಿಡಬೇಡಿ, ಅವೂ ಅದೇ ರ್ಯಾಮ್‌ನಲ್ಲಿ ಕುಳಿತು ತಿನ್ನುವವೇ.

ಪ್ರಶ್ನೆ: ನನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇದ್ದರೂ ನಿಧಾನ. ರ್ಯಾಮ್ 4 ಜಿಬಿ. ಎರಡರಲ್ಲಿ ಒಂದನ್ನು ಮಾತ್ರ ಬದಲಾಯಿಸುವಷ್ಟು ಹಣವಿದೆ.
— ಒಬ್ಬ ಓದುಗರು, ಸಿರಸಿ

ಉತ್ತರ: ಎಸ್‌ಎಸ್‌ಡಿ ಹಾಕಿಸಿ. ಅಗ್ಗದ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಎಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅದರ ಅರ್ಧ ಕಾಯಬೇಕು; ಸೂಜಿ ಸರಿದಾಡುವ ಸಮಯ ಬೇರೆ. ವಿಂಡೋಸ್ ಏಳುವಾಗ ಇಂಥ ಸಾವಿರಾರು ಚಿಕ್ಕ ಓದುಗಳು ನಡೆಯುತ್ತವೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಇರುವುದಿಲ್ಲ, ರ್ಯಾಮ್ ಸಾಲದೆ ಡಿಸ್ಕ್‌ಗೆ ಓಡಾಡುವಾಗಲೂ ಅಷ್ಟು ನೋವಾಗುವುದಿಲ್ಲ. 256 ಜಿಬಿಯದು ಸಾಕು.

ರ್ಯಾಮ್‌ನ ಸರದಿ ಬಂದಾಗ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿಯನ್ನು ಒತ್ತಿ ‘ಫಾರ್ಮ್ ಫ್ಯಾಕ್ಟರ್’ ಎಂಬುದರ ಎದುರು ಏನಿದೆ ನೋಡಿ. ‘ಸೋಡಿಮ್’ ಎಂದಿದ್ದರೆ ಅದು ಬಿಚ್ಚಿ ಬದಲಿಸಬಹುದಾದ ಪಟ್ಟಿ. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಇರುವ ರ್ಯಾಮ್ ಬೋರ್ಡಿಗೇ ಬೆಸೆದದ್ದು. ಆಗ ಹೆಚ್ಚುವರಿ ಸ್ಲಾಟ್ ಇದೆಯೇ ಎಂದು ಮಾದರಿಯ ಕೈಪಿಡಿಯಲ್ಲಿ ನೋಡದೆ ರ್ಯಾಮ್ ಕೊಳ್ಳಬೇಡಿ. ಬಿಚ್ಚುವ ಮುನ್ನ ವಾರಂಟಿಯ ಬಗ್ಗೆ ಸೇವಾ ಕೇಂದ್ರದಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: 4 ಜಿಬಿ ಯಂತ್ರಕ್ಕೆ ಲಿನಕ್ಸ್ ಹಾಕಬಹುದೇ? ಕನ್ನಡ ಟೈಪ್ ಮಾಡಲು ಆಗುತ್ತದೆಯೇ?
— ಒಬ್ಬ ವಿದ್ಯಾರ್ಥಿ, ಕಲಬುರಗಿ

ಉತ್ತರ: ಹಾಕಬಹುದು. ಲಿನಕ್ಸ್ ಎಂಬುದು ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇಂಥ ಯಂತ್ರದಲ್ಲಿ ವಿಂಡೋಸ್ 11ಕ್ಕಿಂತ ಹಗುರವಾಗಿ ನಡೆಯುತ್ತದೆ. ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ, ವೈಫೈ ಮತ್ತು ಧ್ವನಿ ಸರಿಯಿದೆಯೇ ಎಂದು ನೋಡಿ ಆಮೇಲೆ ತೀರ್ಮಾನಿಸಿ. ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸವೂ ಇರುವುದರಿಂದ ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ತೊಂದರೆಯಾಗದು. ಟ್ಯಾಲಿಯಂತಹ, ವಿಂಡೋಸ್‌ಗೆಂದೇ ಬರೆದ ತಂತ್ರಾಂಶ ನಿಮಗೆ ಬೇಕೇಬೇಕಾದರೆ ಮಾತ್ರ ಈ ದಾರಿ ಹಿಡಿಯಬೇಡಿ.