ಹೊಸ ಮಿಯಾಟಾ ಮನೆಗೆ ಬಂದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿರುವ ನಮ್ಮ ಓದುಗರು ಈ ಸಲ ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಕಾರಿನ ಬಗ್ಗೆ: ಮಾಜ್ದಾ ಎಂಎಕ್ಸ್-5 ಮಿಯಾಟಾ. 1989ರ ಶಿಕಾಗೊ ಆಟೊ ಶೋನಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಸೀಟಿನ ಕಾರು ಈಗ ನಾಲ್ಕನೇ ತಲೆಮಾರಿನಲ್ಲಿದೆ. 2016ರಲ್ಲಿ ಹತ್ತು ಲಕ್ಷನೇ ಮಿಯಾಟಾ ತಯಾರಾಯಿತು. ಅಮೆರಿಕದಲ್ಲಿ ಈಗ ಸಿಗುವುದು 2 ಲೀಟರ್, 181 ಅಶ್ವಶಕ್ತಿಯ ಎಂಜಿನ್. ತೂಕ ಸುಮಾರು 1,060 ಕೆ.ಜಿ. ಇಲ್ಲಿನ ಉತ್ತರಗಳು ಕೈಯಿಂದಲೇ ಮಡಚುವ ಬಟ್ಟೆ ಟಾಪ್‌ನ ಕಾರಿಗೆ ಸಂಬಂಧಿಸಿದವು.

ಪ್ರಶ್ನೆ: ಶೋರೂಮಿನಿಂದ ತಂದು ವಾರವಾಗಿದೆ. 101 ಹೆದ್ದಾರಿಯ ಒಂದೊಂದು ಜೋಡಣೆಯೂ ಬೆನ್ನಿಗೆ ತಾಗುತ್ತದೆ, ಸ್ಟೀರಿಂಗ್ ಚಡಪಡಿಸುತ್ತದೆ. ಬೆಳಿಗ್ಗೆ ಎರಡನೇ ಗೇರ್ ಬೀಳುವುದೇ ಕಷ್ಟ. ಕಾರಿನಲ್ಲೇ ದೋಷವಿದೆಯೇ?
ಓದುಗರು, ಸನಿವೇಲ್

ಉತ್ತರ: ಮೊದಲು ಟೈರಿನ ಗಾಳಿ ನೋಡಿ. ಈ ಕಾರಿಗೆ ಬೇಕಾದದ್ದು ನಾಲ್ಕೂ ಚಕ್ರಕ್ಕೆ 29 ಪಿಎಸ್ಐ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಹಡಗಿನಲ್ಲಿ, ಲಾರಿಯಲ್ಲಿ ಸಾಗಿಸುವಾಗ ಹೊಸ ಕಾರುಗಳ ಟೈರಿಗೆ ಗಾಳಿ ಜಾಸ್ತಿ ತುಂಬಿರುತ್ತಾರೆ. ಡೀಲರ್ ಕಡೆಯವರು ಅದನ್ನು ಇಳಿಸಲು ಮರೆತರೆ ನೀವು ಹೇಳಿದ ಕುಲುಕಾಟ, ಸ್ಟೀರಿಂಗ್ ಚಡಪಡಿಕೆ ಎರಡೂ ಬರುತ್ತವೆ. ಮುಂದೆಯೂ ಎಚ್ಚರ ಬೇಕು: ಸೆಡಾನ್‌ಗಳಿಗೆ 33, 35 ಹಾಕಿ ರೂಢಿಯಾದ ಟೈರ್ ಅಂಗಡಿಯವರು ಕೇಳದೆಯೇ ಇದಕ್ಕೂ ಅಷ್ಟೇ ಹಾಕಿಬಿಡುತ್ತಾರೆ. ಒಂದು ಟನ್ನಿನ ಹಗುರ ಕಾರಿಗೆ ಅಷ್ಟು ಗಾಳಿ ಹಾಕಿದರೆ ಟೈರಿನ ನಡುಭಾಗ ಮಾತ್ರ ರಸ್ತೆಗೆ ಒತ್ತುತ್ತದೆ, ಹಿಡಿತವೂ ಕಡಿಮೆಯಾಗುತ್ತದೆ. ಕಾರು ಮೂರು ಗಂಟೆಯಾದರೂ ನಿಂತಿದ್ದ ಮೇಲೆ, ಟೈರ್ ತಣ್ಣಗಿರುವಾಗ ಅಳೆಯಿರಿ. ಹೊರಗಿನ ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು 1 ಪಿಎಸ್ಐ ಇಳಿಯುತ್ತದೆ. ಆದ್ದರಿಂದ ಜುಲೈನಲ್ಲಿ ಸರಿ ಇದ್ದದ್ದು ಡಿಸೆಂಬರ್‌ನಲ್ಲಿ ಸರಿ ಇರುವುದಿಲ್ಲ.

ಗಾಳಿ ಸರಿಮಾಡಿದ ಮೇಲೂ ಒಂದಿಷ್ಟು ಕುಲುಕಾಟ ಉಳಿಯುತ್ತದೆ. ಮುಂದಿನ, ಹಿಂದಿನ ಚಕ್ರಗಳ ನಡುವೆ ಇರುವುದು 2,310 ಮಿ.ಮೀ. ಮಾತ್ರ. ಉದ್ದದ ಕಾರು ನುಂಗಿಕೊಳ್ಳುವ ಏರುತಗ್ಗನ್ನು ಇದು ನಿಮಗೆ ತಲುಪಿಸುತ್ತದೆ. ಸ್ಪ್ರಿಂಗ್‌ಗಳು ನಿಜಕ್ಕೂ ಮೆತ್ತಗೇ ಇವೆ. ತಿರುವಿನಲ್ಲಿ ಕಾರು ವಾಲುವುದು ಅದಕ್ಕೇ. ಎಷ್ಟು ವಾಲಿದೆ ಎಂಬುದರಿಂದಲೇ ಟೈರಿನ ಹಿಡಿತ ಎಷ್ಟು ಉಳಿದಿದೆಯೆಂದು ಡ್ರೈವರ್‌ಗೆ ಗೊತ್ತಾಗಲಿ ಎಂದು ಬೇಕೆಂದೇ ಹಾಗೆ ಮಾಡಿದ್ದಾರೆ. ವಾಲಾಟ ಕಡಿಮೆ ಇರಲಿ ಎನ್ನುವವರಿಗೆ ಬಿಲ್‌ಸ್ಟೈನ್ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಇರುವ ಕ್ಲಬ್ ಟ್ರಿಮ್, ಅಂದರೆ ಇದೇ ಕಾರಿನ ಇನ್ನೊಂದು ಆವೃತ್ತಿ, ಇದೆ. ಸ್ಪೋರ್ಟ್ ಟ್ರಿಮ್ ಕೊಂಡು ಮೊದಲ ತಿಂಗಳಲ್ಲೇ ಸ್ಪ್ರಿಂಗ್ ಬದಲಿಸಲು ಹೊರಡುವುದು ನಮಗೆ ಸರಿ ಕಾಣುವುದಿಲ್ಲ. ಸ್ಕೈಲೈನ್ ಬುಲವಾರ್ಡ್‌ನಲ್ಲೋ ಹೈವೇ 9ರಲ್ಲೋ, ಅಂಥ ತಿರುವುಗಳ ಬೆಟ್ಟದ ದಾರಿಯಲ್ಲಿ ನಾಲ್ಕು ಸಲ ಓಡಿಸಿ ನೋಡಿ, ಆಮೇಲೆ ತೀರ್ಮಾನಿಸಿ.

ಇನ್ನು ಗೇರ್. ಗೇರ್‌ಬಾಕ್ಸಿನ ಎಣ್ಣೆ ತಣ್ಣಗಿದ್ದಾಗ ಗಟ್ಟಿಯಾಗಿರುತ್ತದೆ. ಎರಡು ಹಲ್ಲುಚಕ್ರಗಳ ವೇಗ ಸರಿದೂಗಿಸುವ ಸಿಂಕ್ರೊನೈಸರ್ ಆಗ ನಿಧಾನವಾಗಿ ಕೆಲಸ ಮಾಡುತ್ತದೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂದರೂ ಗೇರ್‌ಬಾಕ್ಸ್ ಇನ್ನೂ ತಣ್ಣಗೇ ಇರುತ್ತದೆ. ಅದು ಬಿಸಿಯಾಗಲು ಹತ್ತು ಹದಿನೈದು ನಿಮಿಷದ ಓಟ ಬೇಕು. ಅಲ್ಲಿಯವರೆಗೆ 3,000 ಆರ್‌ಪಿಎಂ ದಾಟಿಸಬೇಡಿ. ಕ್ಲಚ್ಚನ್ನು ಪೂರ್ತಿ ಒತ್ತಿ, ಒಂದರಿಂದ ನ್ಯೂಟ್ರಲ್‌ಗೆ ಎಳೆದು, ಒಂದು ಕ್ಷಣ ತಡೆದು ಎರಡಕ್ಕೆ ಹಾಕಿ. ನಿಲ್ಲಿಸಿದಲ್ಲೇ ಎಂಜಿನ್ ಓಡಿಸಿ ಬಿಸಿಮಾಡುವುದರಿಂದ ಗೇರ್‌ಬಾಕ್ಸಿಗೆ ಏನೂ ಲಾಭವಿಲ್ಲ. ಪೂರ್ತಿ ಬಿಸಿಯಾದ ಮೇಲೂ ಕರಕರ ಸದ್ದು ಬಂದರೆ ಮಾತ್ರ ಡೀಲರ್ ಬಳಿ ಹೋಗಿ. ದೂರನ್ನು ಬಾಯಲ್ಲಿ ಹೇಳಿ ಬರಬೇಡಿ, ಸರ್ವಿಸ್ ಚೀಟಿಯಲ್ಲಿ ಬರೆಸಿ. ಎಂಜಿನ್, ಗೇರ್‌ಬಾಕ್ಸ್‌ಗೆ 5 ವರ್ಷ ಅಥವಾ 60,000 ಮೈಲಿ ವಾರಂಟಿ ಇದೆ. ಮುಂದೆ ಅದೇ ಭಾಗ ಕೆಟ್ಟರೆ ಆ ಚೀಟಿ ನಿಮ್ಮ ಪರವಾಗಿ ನಿಲ್ಲುತ್ತದೆ.

ಮೊದಲ 600 ಮೈಲಿಯಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ, ಗಕ್ಕನೆ ಬ್ರೇಕ್ ಹಾಕಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ. ಕ್ರೂಸ್ ಕಂಟ್ರೋಲ್ ಹಾಕಿಕೊಂಡು ಲಾಸ್ ಏಂಜಲೀಸ್‌ವರೆಗೆ ಐ-5ರಲ್ಲಿ ಹೋಗುವುದು ಹೊಸ ಎಂಜಿನ್‌ಗೆ ಒಳ್ಳೆಯ ಮೊದಲ ಪ್ರವಾಸವಲ್ಲ. ಆ 600 ಮುಗಿದ ಮೇಲೆ, ಎಂಜಿನ್ ಬಿಸಿಯಾಗಿದ್ದಾಗ, 7,500ರ ಕೆಂಪು ಗೆರೆಯ ಹತ್ತಿರದವರೆಗೂ ಧಾರಾಳವಾಗಿ ಎಳೆಯಿರಿ. ಈ ಎಂಜಿನ್ನಿನ ಪೂರ್ತಿ ಶಕ್ತಿ ಸಿಗುವುದೇ 7,000ದಲ್ಲಿ.

ಪ್ರಶ್ನೆ: ಎರಡು ದಿನ ಮಳೆ ಬಂದ ಮೇಲೆ ಸೀಟಿನ ಹಿಂದಿನ ಕಾರ್ಪೆಟ್ ಒದ್ದೆಯಾಗಿತ್ತು. ಟಾಪ್‌ನಲ್ಲಿ ಎಲ್ಲೂ ತೂತು ಕಾಣಲಿಲ್ಲ. ಕಾರನ್ನು ರಸ್ತೆ ಬದಿಯ ಮರದ ಕೆಳಗೆ ನಿಲ್ಲಿಸುತ್ತೇನೆ.
ಓದುಗರು, ಫ್ರೀಮಾಂಟ್

ಉತ್ತರ: ಮರದ ಕೆಳಗೆ ಎಂದು ನೀವು ಬರೆದಿರುವುದರಲ್ಲೇ ಕಾರಣ ಸಿಗುತ್ತದೆ. ಟಾಪ್ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು, ಬಟ್ಟೆ ಕಾರಿನ ಬಾಡಿಯನ್ನು ಸೇರುವ ಜಾಗದ ಕೆಳಗಿರುವ ಒಂದು ದೋಣಿಗೆ ಬೀಳುತ್ತದೆ. ಅಲ್ಲಿಂದ ಎಡಕ್ಕೂ ಬಲಕ್ಕೂ ಹರಿದು, ಸೀಟ್ ಬೆಲ್ಟ್ ಹೊರಬರುವ ಜಾಗದ ಹತ್ತಿರದ ತೂತಿನಲ್ಲಿ ಇಳಿದು, ಕೊಳವೆಯ ಮೂಲಕ ಕಾರಿನಡಿಗೆ ಹೋಗುತ್ತದೆ. ಅಂದರೆ ನೀರು ಒಳಗೆ ಬರುವುದು ಸಹಜ, ಹೊರಗೆ ಹೋಗುವ ದಾರಿ ಮುಚ್ಚಿದಾಗಲೇ ತೊಂದರೆ. ಎಲೆಚೂರು, ಪೈನ್ ಸೂಜಿ, ಧೂಳು ಸೇರಿ ಕೆಸರಾಗಿ ಆ ತೂತು ಕಟ್ಟಿಕೊಂಡರೆ ದೋಣಿ ತುಂಬಿ, ನೀರು ಸೀಟಿನ ಹಿಂದಕ್ಕೆ ಚೆಲ್ಲುತ್ತದೆ. ಹೊಸ ಕಾರಿಗೂ ಒಂದೇ ಶರತ್ಕಾಲದಲ್ಲಿ ಹೀಗಾಗಬಹುದು.

ಪರೀಕ್ಷೆ ಸುಲಭ. ಟಾಪನ್ನು ಮುಂದಿನ ಗಾಜಿನಿಂದ ಬಿಚ್ಚಿ ಅರ್ಧ ಹಿಂದಕ್ಕೆ ಎತ್ತಿಹಿಡಿಯಿರಿ. ಇದಕ್ಕೆ ಇನ್ನೊಬ್ಬರ ಕೈ ಬೇಕು. ಟಾರ್ಚ್ ಬಿಟ್ಟರೆ ಎರಡೂ ಮೂಲೆಯ ತೂತು ಕಾಣುತ್ತದೆ. ಕಸವನ್ನು ಮೊದಲು ಕೈಯಿಂದ, ಆಮೇಲೆ ವ್ಯಾಕ್ಯೂಮ್‌ನಿಂದ ತೆಗೆಯಿರಿ. ಬಳಿಕ ಒಂದು ಲೋಟದಿಂದ ಸಣ್ಣ ಧಾರೆಯಾಗಿ ನೀರು ಹೊಯ್ಯಿರಿ. ಕೆಲವೇ ಕ್ಷಣಗಳಲ್ಲಿ ಕಾರಿನಡಿಯಲ್ಲಿ ಅದೇ ಧಾರೆ ಕಾಣಬೇಕು. ತೊಟ್ಟಿಕ್ಕಿದರೆ ಅರ್ಧ ಕಟ್ಟಿದೆ ಎಂದರ್ಥ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ 2 ಮಿ.ಮೀ. ದಪ್ಪದ ನೈಲಾನ್ ದಾರ ಒಂದಡಿ ಕತ್ತರಿಸಿ, ತುದಿಯನ್ನು ಬೆಂಕಿಗೆ ತೋರಿಸಿ ದುಂಡಗೆ ಮಾಡಿ, ತಿರುಗಿಸುತ್ತಾ ನಿಧಾನವಾಗಿ ಇಳಿಸಿ. ಕಬ್ಬಿಣದ ತಂತಿ ಬೇಡವೇ ಬೇಡ, ಕೊಳವೆ ತೂತಾಗುತ್ತದೆ. ಕಂಪ್ರೆಸರ್‌ನಿಂದ ಗಾಳಿ ಊದುವುದು ಇನ್ನೂ ಕೆಟ್ಟದ್ದು: ಕೊಳವೆ ಜೋಡಣೆಯಿಂದ ಕಳಚಿಕೊಂಡರೆ ನೀರೆಲ್ಲ ಬಾಡಿಯ ಒಳಗೇ ಬೀಳುತ್ತದೆ, ಅದನ್ನು ಮತ್ತೆ ಸೇರಿಸಲು ಒಳಭಾಗ ಬಿಚ್ಚಬೇಕು. ಬೇ ಏರಿಯಾದಲ್ಲಿ ಮಳೆಗಾಲಕ್ಕೆ ಮುಂಚೆ ಅಕ್ಟೋಬರ್‌ನಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಇಷ್ಟು ಮಾಡಿದರೆ ಸಾಕು.

ಈಗ ಒದ್ದೆಯಾಗಿರುವ ಕಾರ್ಪೆಟ್ಟನ್ನು ಮೇಲೆ ಒರೆಸಿ ಸುಮ್ಮನಾಗಬೇಡಿ. ಕೆಳಗಿನ ಸ್ಪಂಜು ನೀರು ಹೀರಿಕೊಂಡಿರುತ್ತದೆ. ಅಂಗೈಯಿಂದ ಒತ್ತಿ ನೋಡಿ, ಬೆರಳ ಸಂದಿಯಲ್ಲಿ ನೀರು ಬಂದರೆ ವೆಟ್ ವ್ಯಾಕ್ಯೂಮ್ ಹಿಡಿದು, ಕಾರ್ಪೆಟ್ ಎತ್ತಿ, ಫ್ಯಾನ್ ಇಟ್ಟು ಒಣಗಿಸಿ. ಬಿಟ್ಟರೆ ಮುಗ್ಗಲು ವಾಸನೆ ಬರುತ್ತದೆ, ವೈರಿನ ಕನೆಕ್ಟರ್‌ಗಳು ಕಿಲುಬು ಹಿಡಿಯುತ್ತವೆ.

ಟಾಪ್‌ನ ಆರೈಕೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಬ್ರಷ್ ತಿರುಗುವ ಕಾರ್ ವಾಷ್‌ಗೆ ಹೋಗಬೇಡಿ. ಪ್ರೆಷರ್ ವಾಷರ್ ಆದರೆ ಗಾಜು ಮತ್ತು ರಬ್ಬರ್ ಸೇರುವ ಗೆರೆಗೆ ಹಿಡಿಯಬೇಡಿ. ಒದ್ದೆ ಟಾಪ್ ಮಡಚಿ ಇಡುವುದೇ ಬೂಷ್ಟಿಗೂ ಕಲೆಗೂ ಮೂಲ, ಪೂರ್ತಿ ಒಣಗಿಸಿಯೇ ಮಡಚಿ. ನೀರು ಹನಿಯಾಗಿ ಜಾರದೆ ಬಟ್ಟೆಯಲ್ಲಿ ಹರಡತೊಡಗಿದಾಗ, ಬಟ್ಟೆ ಟಾಪ್‌ಗೆಂದೇ ಮಾರುವ ನೀರುನಿರೋಧಕ ಹಚ್ಚಿ. ರಬ್ಬರ್ ಕಿರುಗುಟ್ಟಿದರೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್‌ನಂಥ ಪೆಟ್ರೋಲಿಯಂ ಪದಾರ್ಥ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಪ್ರಶ್ನೆ: ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ, ಸೀರೆ ಉಡುತ್ತಾರೆ. ಮೂರು ವರ್ಷದ ಮಗಳೂ ಇದ್ದಾಳೆ. ಇಬ್ಬರನ್ನೂ ಬೇರೆ ಬೇರೆ ದಿನ ಕೂರಿಸಿಕೊಂಡು ಹೋಗಬಹುದೇ?
ಓದುಗರು, ಸ್ಯಾನ್ ಹೋಸೆ

ಉತ್ತರ: ಅಮ್ಮನವರಿಗೆ ಟಾಪ್ ತೆರೆದೇ ಬಾಗಿಲು ತೆಗೆಯಿರಿ, ತಲೆ ಬಗ್ಗಿಸುವ ಕಷ್ಟ ತಪ್ಪುತ್ತದೆ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿಡಿ. ಅವರು ಕಾರಿಗೆ ಬೆನ್ನು ಮಾಡಿ, ಮೊದಲು ಸೀಟಿನ ಮೇಲೆ ಕುಳಿತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆದುಕೊಳ್ಳಲಿ. ಒಂದು ಕಾಲು ಒಳಗಿಟ್ಟು ಇಳಿಯಲು ಹೋದರೆ ನೆರಿಗೆ ತೊಡರುತ್ತದೆ. ಪಕ್ಕದ ಸೀಟಿನ ಕಾಲ ಬಳಿ ನೆಲದಲ್ಲಿ ಒಂದು ಉಬ್ಬು ಇದೆ, ಮೊದಲೇ ತಿಳಿಸಿ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಬೆಲ್ಟ್ ಹಾಕಲಿ. ಇಳಿಯುವಾಗ ಫುಟ್‌ಪಾತ್ ಪಕ್ಕಕ್ಕೇ ತಾಗಿಸಬೇಡಿ, ಒಂದಡಿ ದೂರ ಬಿಟ್ಟು ನಿಲ್ಲಿಸಿ, ಮೊಣಕಾಲು ನೋವಿರುವವರು ರಸ್ತೆಯ ಮಟ್ಟದಲ್ಲಿ ಕಾಲೂರಿ, ನಿಮ್ಮ ಕೈ ಹಿಡಿದು ಏಳಲಿ.

ಮಗಳ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಎಂಟು ವರ್ಷದೊಳಗಿನ ಮಕ್ಕಳು ಹಿಂದಿನ ಸೀಟಿನಲ್ಲೇ ಇರಬೇಕೆನ್ನುತ್ತದೆ. ಹಿಂದಿನ ಸೀಟೇ ಇಲ್ಲದ ವಾಹನಕ್ಕೆ ವಿನಾಯಿತಿ ಉಂಟು. ಆಗಲೂ ಮಗುವಿನ ಸೀಟ್ ಕಡ್ಡಾಯ. ಹಿಂದಕ್ಕೆ ಮುಖ ಮಾಡುವ ಸೀಟನ್ನು ಚಾಲೂ ಇರುವ ಏರ್‌ಬ್ಯಾಗ್ ಮುಂದೆ ಇಡಲೇಬಾರದು. ಮುಂದಕ್ಕೆ ಮುಖ ಮಾಡುವ ಸೀಟಾದರೆ, ಕಾರಿನ ಸೀಟನ್ನು ಎಷ್ಟು ಸಾಧ್ಯವೋ ಅಷ್ಟು ಹಿಂದಕ್ಕೆ ಸರಿಸಿ. ಕಾನೂನು ಬಿಟ್ಟಿದ್ದರೂ, ಮನೆಯಲ್ಲಿ ಇನ್ನೊಂದು ಕಾರಿದ್ದರೆ ಮಗುವನ್ನು ಅದರ ಹಿಂದಿನ ಸೀಟಿನಲ್ಲಿ ಕರೆದೊಯ್ಯಿರಿ ಎಂದೇ ನಮ್ಮ ಒತ್ತಾಯ.

ಸಾಮಾನಿಗೆ ಡಿಕ್ಕಿ 130 ಲೀಟರ್. 20 ಪೌಂಡಿನ ಸೋನಾ ಮಸೂರಿ ಚೀಲ, ತರಕಾರಿ ಬ್ಯಾಗು ಆರಾಮ. ಏರ್‌ಪೋರ್ಟಿನ ದೊಡ್ಡ ಸೂಟ್‌ಕೇಸ್ ಬಾಯೊಳಗೇ ಹೋಗುವುದಿಲ್ಲ. ಅಮ್ಮನನ್ನು ಕರೆತರಲು ಈ ಕಾರು ಒಯ್ಯಬೇಡಿ. ಗ್ಲವ್ ಬಾಕ್ಸ್ ಇಲ್ಲ, ಕಾಗದಪತ್ರ ಇಡಲು ಸೀಟುಗಳ ನಡುವೆ ಹಿಂದೆ ಬೀಗ ಹಾಕುವ ಪೆಟ್ಟಿಗೆ ಇದೆ. ಕಣ್ಣಿಗೆ ಕಾಣುವಂತೆ ಏನನ್ನೂ ಬಿಡಬೇಡಿ. ಬಟ್ಟೆ ಟಾಪ್ ಕುಯ್ಯಲು ಕಳ್ಳನಿಗೆ ಒಂದು ಬ್ಲೇಡ್ ಸಾಕು.

ಪ್ರಶ್ನೆ: ಟಾಪ್ ತೆರೆದು 65 ಮೈಲಿ ವೇಗದಲ್ಲಿ ಹೋದರೆ ಗಾಳಿ ಕತ್ತಿನ ಹಿಂದಿನಿಂದ ಬಡಿಯುತ್ತದೆ, ಕಿವಿ ಗುಂಯ್‌ಗುಡುತ್ತದೆ.
ಓದುಗರು, ಆಸ್ಟಿನ್

ಉತ್ತರ: ಮುಂದಿನ ಗಾಜಿನ ಅಂಚು ದಾಟಿದ ಗಾಳಿ ಸೀಟಿನ ಹಿಂದೆ ಸುಳಿಯಾಗಿ ತಿರುಗಿ ಮುಂದಕ್ಕೆ ಬರುತ್ತದೆ. ಪಕ್ಕದ ಎರಡೂ ಗಾಜು ಏರಿಸಿ, ಸೀಟುಗಳ ಹಿಂದಿನ ಗಾಳಿತಡೆ ಹಾಗೇ ಇರಲಿ. ಇಷ್ಟಕ್ಕೇ ಬಹಳ ವ್ಯತ್ಯಾಸ ಗೊತ್ತಾಗುತ್ತದೆ. ಎತ್ತರದವರಾದರೆ ಸೀಟಿನ ಬೆನ್ನು ಒಂದೆರಡು ಮೆಟ್ಟಿಲು ಹಿಂದಕ್ಕೆ ವಾಲಿಸಿ. 2019ರ ಮಾದರಿಯಿಂದ ಈಚೆಗಿನ ಕಾರಿನಲ್ಲಿ ಸ್ಟೀರಿಂಗನ್ನು ನಿಮ್ಮತ್ತ ಎಳೆದುಕೊಳ್ಳಲೂ ಬರುತ್ತದೆ. ಕಿವಿಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 85 ಡೆಸಿಬಲ್ ಸದ್ದಿಗೆ ಎಂಟು ಗಂಟೆಯ ಮಿತಿ ಹಾಕಿದೆ. ಪ್ರತಿ 3 ಡೆಸಿಬಲ್ ಹೆಚ್ಚಾದಂತೆ ಅವಧಿ ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಫ್ರೀವೇಯಲ್ಲಿ ಟಾಪ್ ಮುಚ್ಚಿ, ಊರೊಳಗೆ ಮತ್ತು ಬೆಟ್ಟದ ದಾರಿಯಲ್ಲಿ ತೆರೆಯಿರಿ. ಟೆಕ್ಸಸ್ ಬಿಸಿಲಿಗೆ ಗದ್ದಕ್ಕೆ ಕಟ್ಟುವ ದಾರದ ಟೋಪಿ, ಕಿವಿಯ ತುದಿಗೂ ಕತ್ತಿಗೂ ಸನ್‌ಸ್ಕ್ರೀನ್ ಬೇಕು.

ಪ್ರಶ್ನೆ: ಚಳಿಗಾಲದಲ್ಲಿ ಓಡಿಸುವುದೇ, ನಿಲ್ಲಿಸುವುದೇ?
ಓದುಗರು, ಎಡಿಸನ್, ನ್ಯೂಜೆರ್ಸಿ

ಉತ್ತರ: 17 ಇಂಚಿನ ಚಕ್ರದ ಜೊತೆ ಬಂದದ್ದು ಬೇಸಿಗೆ ಟೈರ್ ಆಗಿದ್ದರೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ರಬ್ಬರ್ ಗಡುಸಾಗಿ ಹಿಡಿತ ಬಿಡುತ್ತದೆ, ಹಿಮ ಬೀಳದಿದ್ದರೂ ಅಪಾಯ. ಓಡಿಸುವುದಾದರೆ ನಾಲ್ಕೂ ಚಕ್ರಕ್ಕೆ ಚಳಿಗಾಲದ ಟೈರ್ ಹಾಕಿಸಿ. ಹಿಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಮುಂದಿನವು ಜಾರಿ ಕಾರು ತಿರುವಿಗೆ ತಿರುಗುವುದಿಲ್ಲ. 5 ಡಿಗ್ರಿಗಿಂತ ಕೆಳಗೆ ಟಾಪ್ ಮಡಚಬೇಡಿ, ಬಟ್ಟೆ ಬಿರಿಯುತ್ತದೆ. ನಿಲ್ಲಿಸುವುದಾದರೆ ಹಿಮ ಕರಗಲೆಂದು ರಸ್ತೆಗೆ ಹಾಕಿದ ಉಪ್ಪನ್ನು ಕಾರಿನಿಂದ ತೊಳೆದು, ಟ್ಯಾಂಕ್ ತುಂಬಿಸಿ ಪೆಟ್ರೋಲ್ ಕೆಡದಂತೆ ಫ್ಯುಯಲ್ ಸ್ಟೆಬಿಲೈಸರ್ ಹಾಕಿ, ಚಾರ್ಜ್ ಇಳಿಯದಂತೆ ಬ್ಯಾಟರಿಗೆ ಮೇಂಟೇನರ್ ಜೋಡಿಸಿ, ಟಾಪ್ ಮುಚ್ಚಿಯೇ ಇಡಿ. ತಿಂಗಳುಗಟ್ಟಲೆ ಮಡಚಿದ್ದರೆ ಮಡಿಕೆಯ ಗುರುತು ಹೋಗುವುದಿಲ್ಲ. ಬ್ಯಾಟರಿ ಕಳಚಿ ಮತ್ತೆ ಜೋಡಿಸಿದರೆ, ಕಿಟಕಿ ಗಾಜು ಪೂರ್ತಿ ಏರಿಸಿ ಗುಂಡಿಯನ್ನು ಇನ್ನೂ ಕೆಲವು ಕ್ಷಣ ಎಳೆದು ಹಿಡಿಯಿರಿ. ಆಗಲೇ ಗಾಜಿಗೆ ತನ್ನ ಜಾಗ ಮತ್ತೆ ನೆನಪಾಗುವುದು.

ಪ್ರಶ್ನೆ: ಸ್ಟೆಪ್ನಿಯೇ ಇಲ್ಲವಲ್ಲ, ಪಂಕ್ಚರ್ ಆದರೆ?
ಓದುಗರು, ಸನಿವೇಲ್

ಉತ್ತರ: ಅಂಟುದ್ರವದ ಬಾಟಲಿ, ಸಣ್ಣ ಕಂಪ್ರೆಸರ್ ಕೊಟ್ಟಿದ್ದಾರೆ. ಮೊಳೆ ಚುಚ್ಚಿದ ಸಣ್ಣ ತೂತಿಗೆ ಸಾಕು, ಟೈರಿನ ಪಕ್ಕ ಸೀಳಿದರೆ ಟೋಯಿಂಗ್ ಒಂದೇ ದಾರಿ. ಬಾಟಲಿಯ ಮೇಲಿನ ಅವಧಿ ನೋಡಿಡಿ. ಅಂಟು ಹಾಕಿದ ಮೇಲೆ 50 ಮೈಲಿ ವೇಗ ಮೀರದೆ ಟೈರ್ ಅಂಗಡಿಗೆ ಹೋಗಿ, ಒಳಗೆ ದ್ರವ ಹಾಕಿದ್ದೇನೆಂದು ಅವರಿಗೆ ಮೊದಲೇ ಹೇಳಿ.

ಪ್ರಶ್ನೆ: ಎರಡು ವರ್ಷದಲ್ಲಿ ಬೆಂಗಳೂರಿಗೆ ವಾಪಸಾಗುತ್ತೇವೆ. ಕಾರನ್ನೂ ತರಬಹುದೇ?
ಓದುಗರು, ಕ್ಯುಪರ್ಟಿನೊ

ಉತ್ತರ: ಆಗುವುದಿಲ್ಲ. ಭಾರತದ ಆಮದು ನಿಯಮದ ಪ್ರಕಾರ ಹಳೆಯ ಕಾರು ತರಬೇಕಾದರೆ ಬಲಗಡೆ ಸ್ಟೀರಿಂಗ್ ಇರಲೇಬೇಕು, ಮೂರು ವರ್ಷಕ್ಕಿಂತ ಹಳತಾಗಿರಬಾರದು. ಅಮೆರಿಕದಲ್ಲಿ ಮಾರುವ ಮಿಯಾಟಾಗೆ ಸ್ಟೀರಿಂಗ್ ಎಡಗಡೆ. ಮಾಜ್ದಾ ಭಾರತದಲ್ಲಿ ಕಾರು ಮಾರುವುದೂ ಇಲ್ಲ, ಬಿಡಿಭಾಗ ಸಿಗುವುದಿಲ್ಲ. ಅಲ್ಲೇ ಮಾರಿ ಬನ್ನಿ, ಬೇಸಿಗೆ ಶುರುವಾಗುವ ಹೊತ್ತಿಗೆ ಮಾರಾಟಕ್ಕಿಟ್ಟರೆ ಕೇಳುವವರು ಹೆಚ್ಚು. ಆಯಿಲ್ ಬದಲಿಸಿದ ರಸೀತಿಗಳನ್ನು ಈಗಿನಿಂದಲೇ ಒಂದು ಫೈಲಿನಲ್ಲಿ ಇಡುತ್ತಾ ಬನ್ನಿ.